ಸದ್ದಿಲ್ಲದ ಕಾರು

ಕುಂದಾಪುರದ ಕೋರ್ಟಿನ ಎದುರು, ಜೆರಾಕ್ಸ್ ಅಂಗಡಿಯ ಮಗ್ಗುಲಿನ ಸಣ್ಣ ಕೋಣೆಯಲ್ಲಿ ಸರಸ ಹದಿನಾರು ವರ್ಷಗಳಿಂದ ಟೈಪಿಂಗ್ ಮಾಡಿಕೊಂಡಿದ್ದಳು. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. ಅಫಿಡವಿಟ್ಟು, ಕರಾರುಪತ್ರ, ಪಾಲುಪಟ್ಟಿ ಏನೇ ಇದ್ದರೂ ತಪ್ಪಿಲ್ಲದೆ ಮಾಡಿಕೊಡುತ್ತಾಳೆಂದು ವಕೀಲರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಕೆಲಸ ಅವಳಿಗೆ ಕಷ್ಟವಾಗಿರಲಿಲ್ಲ. ಕಷ್ಟವಿದ್ದದ್ದು ಕೋಡಿಯ ಮನೆಯಿಂದ ಅಲ್ಲಿಗೆ ಬರುವ ನಾಲ್ಕೈದು ಕಿಲೋಮೀಟರಿನಲ್ಲಿ.

ಮೂರು ವರ್ಷದವಳಿದ್ದಾಗ ಪೋಲಿಯೊ ಬಂದು ಅವಳ ಎಡಗಾಲು ಸೊರಗಿತ್ತು. ನಡೆಯುವಾಗ ಎಡಗೈಯಿಂದ ಮೊಣಕಾಲನ್ನು ಒತ್ತಿ ಹಿಡಿದು ಹೆಜ್ಜೆ ಇಡಬೇಕು. ಬಸ್ಸಿನ ಮೊದಲ ಮೆಟ್ಟಿಲು ಹತ್ತಲು ಆ ಕಾಲನ್ನು ಕೈಯಿಂದಲೇ ಎತ್ತಿ ಇಡಬೇಕು. ಅಷ್ಟರೊಳಗೆ ಕಂಡಕ್ಟರ್ ಸೀಟಿ ಊದಿಬಿಡುತ್ತಿದ್ದ. ಎರಡು ಸಲ ಬಿದ್ದಿದ್ದಳು. ಒಂದು ಸಲ ಮುಂಗೈ ಮೂಳೆ ಬಿರುಕು ಬಿಟ್ಟು ಒಂದೂವರೆ ತಿಂಗಳು ಕೋಣೆಗೆ ಬೀಗ ಹಾಕಬೇಕಾಯಿತು. ಕಾರು ಕಲಿಯುವ ಆಸೆಯಿಂದ ಡ್ರೈವಿಂಗ್ ಸ್ಕೂಲಿಗೆ ಹೋಗಿದ್ದೂ ಉಂಟು. ಅಲ್ಲಿಯವನು ಅವಳ ಕಾಲನ್ನು ನೋಡಿ, "ಕ್ಲಚ್ ಒತ್ತುಕ್ ಎಡಗಾಲ್ ಬೇಕಲ್ಲ ಅಕ್ಕ" ಎಂದು ಮೆಲ್ಲಗೇ ಹೇಳಿ ಕಳುಹಿಸಿದ್ದ.

ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ದೊಡ್ಡಮ್ಮ ಬೆಳ್ಳಿ. ತಾಯಿ ತೀರಿಕೊಂಡಾಗ ಸರಸಳಿಗೆ ಆರು ವರ್ಷ, ತಮ್ಮ ರಾಘವೇಂದ್ರನಿಗೆ ಮೂರು. ತಾಯಿಯ ಅಕ್ಕ ಬೆಳ್ಳಿ ಮಕ್ಕಳಿಲ್ಲದ ವಿಧವೆ. ಅವಳೇ ಇಬ್ಬರನ್ನೂ ಸಾಕಿದಳು. ತಲೆಯ ಮೇಲೆ ಮೀನಿನ ಬುಟ್ಟಿ, ಸೊಂಟದಲ್ಲಿ ಸರಸಳನ್ನು ಇಟ್ಟುಕೊಂಡು ನಡೆಯುತ್ತ, ಶಾಲೆಯ ಬಾಗಿಲಲ್ಲಿ ಹುಡುಗಿಯನ್ನು ಇಳಿಸಿ ಮಾರ್ಕೆಟಿಗೆ ಹೋಗುತ್ತಿದ್ದಳು. ಮಗಳ ಮೈಗೆ ಮೀನಿನ ವಾಸನೆ ಹತ್ತಬಾರದೆಂದು ಸೊಂಟಕ್ಕೆ ಬೇರೆಯೇ ಒಂದು ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಈಗ ಅವಳಿಗೆ ಎಪ್ಪತ್ತನಾಲ್ಕು. ಏಳೆಂಟು ವರ್ಷಗಳಿಂದ ಕಣ್ಣಿನ ನರ ಸೋತು ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೂ ಕೋಲು ಹಿಡಿದು ಬಾವಿಕಟ್ಟೆಗೆ, ನೆರೆಯ ಪದ್ದುವಿನ ಮನೆಗೆ, ಓಣಿಯ ತುದಿಯವರೆಗೆ ಒಬ್ಬಳೇ ಓಡಾಡುತ್ತಿದ್ದಳು. ರಸ್ತೆಯಲ್ಲಿ ಹೋಗುವುದು ಯಾರ ರಿಕ್ಷಾ, ಯಾರ ಬೈಕು ಎಂಬುದನ್ನು ಸದ್ದಿನಲ್ಲೇ ಹೇಳುತ್ತಿದ್ದಳು.

ಎರಡು ಸಾವಿರದ ಒಂಬತ್ತರ ಬೇಸಗೆಯಲ್ಲಿ ಬ್ರಹ್ಮಾವರದ ವೃದ್ಧ ಡಾಕ್ಟರೊಬ್ಬರು ಯಾವುದೋ ಜಾಗದ ಕಾಗದ ಮಾಡಿಸಲು ಸರಸಳ ಬಳಿಗೆ ಬಂದರು. ಅವರು ಬಂದ ಕಾರು ಕೋರ್ಟಿನ ಎದುರು ಎರಡು ಬೈಕುಗಳ ನಡುವೆ ನಿಂತಿತ್ತು. ತಿಳಿಹಸಿರು ಬಣ್ಣದ, ಎರಡೇ ಬಾಗಿಲಿನ ಪುಟ್ಟ ಕಾರು. ಜೆರಾಕ್ಸ್ ಅಂಗಡಿಯವರೆಲ್ಲ ಹೊರಗೆ ಬಂದು ನೋಡಿ ನಗುತ್ತಿದ್ದರು.

"ಬ್ಯಾಟರಿ ಕಾರು," ಎಂದರು ಡಾಕ್ಟರು. "ಪೆಟ್ರೋಲ್ ಬೇಡ. ಮೊಬೈಲಿನ ಹಾಗೆ ಚಾರ್ಜಿಗೆ ಇಟ್ಟರೆ ಆಯ್ತು. ಅರವತ್ತು ಕಿಲೋಮೀಟರ್ ಹೋಗ್ತದೆ. ದೂರ ಹೋಗುವವರಿಗೆ ಆಗುವುದಿಲ್ಲ. ಪೇಟೆಯೊಳಗೆ ತಿರುಗುವವರಿಗೆ ಇದಕ್ಕಿಂತ ಸುಖ ಇಲ್ಲ."

"ಕ್ಲಚ್ ಇತ್ತಾ ಸರ್?" ಎಂದು ಕೇಳಿದಳು ಸರಸ. ಅವಳು ಕೇಳಿದ್ದು ಅದೊಂದೇ.

ಡಾಕ್ಟರು ಅವಳ ಕಾಲಿನ ಕಡೆ ಒಮ್ಮೆ ನೋಡಿದರು. "ಇಲ್ಲ. ಗೇರೂ ಇಲ್ಲ. ಒಂದು ಬ್ರೇಕು, ಒಂದು ಎಕ್ಸಲೇಟರು. ಎರಡೂ ಬಲಗಾಲಿಗೆ." ಕೀ ತೆಗೆದು ಮೇಜಿನ ಮೇಲಿಟ್ಟರು. "ಹೋಗಿ, ಕೂತು ನೋಡಿ."

ಆ ಮಳೆಗಾಲದ ಮೊದಲೇ ಡಾಕ್ಟರು ಕಾರು ಮಾರಲು ನಿರ್ಧರಿಸಿದರು. ಮಗಳ ಮನೆಗೆ ಹೋಗಿ ಇರುವವರಿದ್ದರು. ಕೊಳ್ಳುವವರೇ ಇರಲಿಲ್ಲವಾದ್ದರಿಂದ ಎರಡು ಹೊಸ ಸ್ಕೂಟರಿನ ಬೆಲೆಗೆ ಸರಸಳಿಗೆ ಕೊಟ್ಟರು. ಅರ್ಧ ಅವಳ ಉಳಿತಾಯ. ಇನ್ನರ್ಧವನ್ನು ಮುಂಬಯಿಯ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದ ರಾಘವೇಂದ್ರ ಕೇಳಿದ ಮರುದಿನವೇ ಕಳುಹಿಸಿದ. "ನೀ ಬಸ್ಸಿಗ್ ಹೋಪ್ದ್ ನೆನ್ಸಿರೇ ನಂಗ್ ಹೆದ್ರಿಕಿ ಅಕ್ಕ. ತಕಣ್," ಎಂದ ಫೋನಿನಲ್ಲಿ. ಇಲೆಕ್ಟ್ರಿಷಿಯನ್ ಶೀನ ಬಂದು ಜಗಲಿಯ ಗೋಡೆಗೆ ದೊಡ್ಡ ಪ್ಲಗ್ಗು ಕೂರಿಸಿಕೊಟ್ಟ. ಕಾಲಿನ ಸರ್ಟಿಫಿಕೇಟು ಹಿಡಿದುಕೊಂಡು ನಾಲ್ಕು ಸಲ ಅಲೆದ ಮೇಲೆ ಲೈಸೆನ್ಸೂ ಸಿಕ್ಕಿತು. ಬ್ರೇಕ್ ಇನ್‌ಸ್ಪೆಕ್ಟರು ಅವಳನ್ನು ಮೈದಾನದಲ್ಲಿ ಮೂರು ಸುತ್ತು ಓಡಿಸಿ, ಕೊನೆಗೆ ತಾನೂ ಒಂದು ಸುತ್ತು ಓಡಿಸಿ ನೋಡಿದ.

ಕಾರು ಮನೆಗೆ ಬಂದ ದಿನ ಬೆಳ್ಳಿ ಅದರ ಸುತ್ತ ಕೈಯಾಡಿಸಿಕೊಂಡು ಬಂದಳು. ಮೂತಿ, ಕನ್ನಡಿ, ಬಾಗಿಲು, ಚಕ್ರ.

"ಇದೆಂತ ಹೆಣೇ, ಇಷ್ಟೇಯಾ? ನಮ್ಮ್ ಪಾತಿದೋಣಿ ಇದ್ಕಿಂತ ದೊಡ್ಡದಿತ್ತ್." ಹುಡುಗಿಯಾಗಿದ್ದಾಗಿನಂತೆ ಈಗಲೂ ಅವಳು ಸರಸಳನ್ನು "ಹೆಣೇ" ಎಂದೇ ಕರೆಯುತ್ತಿದ್ದಳು.

"ನಮ್ಮಿಬ್ರಿಗ್ ಇಷ್ಟ್ ಸಾಕ್. ಹತ್ತ್ ದೊಡ್ಡಮ್ಮ, ಒಂದ್ ಸುತ್ತ್ ಹೋಪ."

ಬೆಳ್ಳಿ ಕೋಲನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಸ್ವಲ್ಪ ಹೊತ್ತಾದ ಮೇಲೆ, "ಯಾವಾಗ ಹೊರಡುದ್?" ಎಂದು ಕೇಳಿದಳು. ಅಷ್ಟರಲ್ಲಿ ಕಾರು ಓಣಿ ದಾಟಿ ಕೋಡಿಯ ರಸ್ತೆಗೆ ಬಂದಾಗಿತ್ತು. ಕಿಟಕಿಯಿಂದ ಕಡಲಗಾಳಿ ಮುಖಕ್ಕೆ ಬಡಿದಾಗಲೇ ಅವಳಿಗೆ ಗೊತ್ತಾದದ್ದು.

ಆಮೇಲಿನ ಒಂದೂವರೆ ವರ್ಷ ಸರಸಳ ಬದುಕಿನಲ್ಲಿ ಹಿಂದೆಂದೂ ಇಲ್ಲದಂಥ ಕಾಲ. ಬೆಳಿಗ್ಗೆ ಯಾರ ಸೀಟಿಗೂ ಕಾಯದೆ ಹೊರಡುತ್ತಿದ್ದಳು. ಶಾಸ್ತ್ರಿ ಸರ್ಕಲ್ಲಿನ ಗದ್ದಲದಲ್ಲಿ ದೊಡ್ಡ ಕಾರುಗಳು ಜಾಗ ಸಿಗದೆ ಸುತ್ತುತ್ತಿದ್ದರೆ ಇವಳ ಕಾರು ಎಲ್ಲೋ ಒಂದು ಸಂದಿಯಲ್ಲಿ ಹೊಕ್ಕು ನಿಲ್ಲುತ್ತಿತ್ತು. "ಆಟದ ಕಾರ್" ಎಂದು ನಗುತ್ತಿದ್ದ ವಕೀಲರೇ ಪೆಟ್ರೋಲಿನ ದರ ಏರಿದಾಗ, "ಚಾರ್ಜಿಗ್ ಎಷ್ಟ್ ಬೀಳತ್ತ್ ಸರಸಕ್ಕ?" ಎಂದು ಕೇಳತೊಡಗಿದರು. ಭಾನುವಾರ ದೊಡ್ಡಮ್ಮನನ್ನು ಕರೆದುಕೊಂಡು ಹೋಗುತ್ತಿದ್ದಳು. ಕುಂಭಾಶಿಗೆ ಹೋಗಿ ವಿನಾಯಕನಿಗೆ ಕೈಮುಗಿದು ಬಂದರು. ಸಾಲಿಗ್ರಾಮದವರೆಗೂ ಒಮ್ಮೆ ಹೋಗಿದ್ದರು. ಬೆಳ್ಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೀನು ಮಾರ್ಕೆಟಿಗೆ ಹೋಗುವುದು. ಜತೆಯಲ್ಲಿ ಮೀನು ಮಾರಿದ ಹಳೆಯ ಹೆಂಗಸರು ಕಾರಿನ ಕಿಟಕಿಗೆ ಬಂದು ಮಾತಾಡುತ್ತಿದ್ದರು. ಬೆಳ್ಳಿ ಕೆಳಗಿಳಿಯದೆ, ಕಿಟಕಿಯಲ್ಲಿ ಮೊಣಕೈಯೂರಿ, ದೊಡ್ಡ ಜನರಂತೆ ಮಾತಾಡುತ್ತಿದ್ದಳು. ಹಿಂದಿರುಗುವಾಗ ದಾರಿಯುದ್ದಕ್ಕೂ ಅದನ್ನೇ ಹೇಳಿ ನಗುತ್ತಿದ್ದಳು.

ಅವಳದ್ದು ಒಂದೇ ದೂರು. "ನಿನ್ ಕಾರ್ ಬಪ್ಪುದೇ ಗೊತ್ತಾತಿಲ್ಲ ಹೆಣೇ. ನೀ ಬಂದ್ ಒಳಗ್ ಕಾಲಿಟ್ಟ್ ಮೇಲೆ ಗೊತ್ತಾತ್ತ್ ನಂಗೆ."

ಮರಳಿನ ಓಣಿ ತೀರಾ ಕಿರಿದು. ಪದ್ದುವಿನ ಮನೆಯ ತಿರುವು ದಾಟಿದೊಡನೆ ಇವರ ಅಂಗಳ. ಹಾಗಾಗಿ ತಿರುವಿನಲ್ಲಿ ಎರಡು ಸಲ ಹಾರ್ನ್ ಹೊಡೆಯುತ್ತೇನೆಂದು ಸರಸ ಹೇಳಿದಳು. ಹಾರ್ನ್ ಕೇಳಿದರೆ ಬೆಳ್ಳಿ ಎಲ್ಲಿದ್ದರೂ ಬದಿಗೆ ಸರಿದು ನಿಲ್ಲುತ್ತಿದ್ದಳು.

ಎರಡು ಸಾವಿರದ ಹತ್ತರ ಅಕ್ಟೋಬರಿನಲ್ಲಿ ಪದ್ದುವಿನ ಮಗಳು ಚಂದನಾ ಬಾಣಂತನಕ್ಕೆ ಬಂದಳು. ಏಳೂವರೆ ತಿಂಗಳಿಗೇ ಹುಟ್ಟಿದ ಮಗು, ಅಂಗೈಯಷ್ಟಿತ್ತು. ಒಂದು ದಿನ ಬೆಳಿಗ್ಗೆ ಪದ್ದು ಕಾರಿನ ಬಳಿಗೆ ಬಂದು ಸಂಕೋಚದಿಂದ ನಿಂತಳು.

"ಸರಸ, ಬೇಜಾರ್ ಮಾಡ್ಕಣ್ಬ್ಯಾಡ. ಹಾರ್ನಿಗೆ ಶಿಶು ಬೆಚ್ಚಿ ಬೀಳತ್ತ್. ಮಲ್ಗಿದ್ ಕೋಣಿ ಕಿಟ್ಕಿ ಓಣಿಗೇ ಇತ್ತಲ್ಲ. ಒಂದ್ ತಿಂಗ್ಳ್ ಮಟ್ಟಿಗೆ..."

"ಅಯ್ಯೋ, ಅದ್ಕೆಂತ," ಎಂದಳು ಸರಸ. "ಇನ್ನ್ ಹೊಡಿತಿಲ್ಲೆ."

ದೊಡ್ಡಮ್ಮನಿಗೂ ಹೇಳಿದಳು. "ಐದ್ ಗಂಟಿ ಮೇಲೆ ಜಗಲಿ ಬಿಟ್ಟ್ ಇಳಿಬ್ಯಾಡ, ನಾ ಬಪ್ಪಲ್ಲಿವರಿಗೂ." ಬೆಳ್ಳಿ ಆಯಿತೆಂದಳು. ಹದಿನೇಳು ದಿನ ಹಾಗೆಯೇ ನಡೆಯಿತು.

ಹದಿನೆಂಟನೆಯ ದಿನ ಸಂಜೆ ಐದೂವರೆಗೆ ಒಮ್ಮೆಗೇ ಮೋಡ ಕವಿಯಿತು. ಸರಸ ಕೋಡಿ ರಸ್ತೆಗೆ ಬರುವಾಗ ದಪ್ಪ ಹನಿಗಳು ಬೀಳತೊಡಗಿದ್ದವು. ಮನೆಯ ತಂತಿಯ ಮೇಲೆ ಅವಳ ಎರಡು ಕಾಟನ್ ಸೀರೆ ಒಣಗುತ್ತಿದ್ದವು. ಹನಿಯ ಸದ್ದು ಹಂಚಿನ ಮೇಲೆ ಕೇಳಿದೊಡನೆ ಬೆಳ್ಳಿ ಕೋಲನ್ನೂ ಬಿಟ್ಟು ಅಂಗಳಕ್ಕಿಳಿದಳು. ಸೀರೆಗಳನ್ನು ಎಳೆದು ಎದೆಗೆ ಅವುಚಿಕೊಂಡು ಹಿಂದಿರುಗಿದಳು.

ಸರಸ ತಿರುವು ದಾಟಿದಾಗ ಗಾಜಿನ ಮೇಲೆ ನೀರು ಹರಿಯುತ್ತಿತ್ತು. ವೈಪರ್ ಒಮ್ಮೆ ಹೋಗಿ ಬರುವಷ್ಟರಲ್ಲಿ ಎದುರಿಗೆ ತನ್ನದೇ ನೀಲಿ ಸೀರೆ ಕಂಡಿತು. ಬ್ರೇಕ್ ಒತ್ತಿದಳು. ಕಾರು ನಿಂತಿತು ಕೂಡ. ನಿಲ್ಲುವ ಮೊದಲು ಒಂದು ಸಣ್ಣ ತಾಗಿದ ಸದ್ದಾಯಿತು. ಅಷ್ಟೇ. ನಡೆಯುವವರ ವೇಗಕ್ಕಿಂತ ಹೆಚ್ಚಿರಲಿಲ್ಲ.

ಬೆಳ್ಳಿ ಒದ್ದೆ ಮರಳಿನಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಸರಸ ಬಾಗಿಲು ತೆಗೆದು ಇಳಿಯಲು ಹೋಗಿ ತಾನೂ ಬಿದ್ದು, ತೆವಳಿಕೊಂಡೇ ಹತ್ತಿರ ಬಂದಳು.

"ದೊಡ್ಡಮ್ಮ. ದೊಡ್ಡಮ್ಮ."

"ಸೊಂಟ," ಎಂದಳು ಬೆಳ್ಳಿ. "ಸೊಂಟ ಎತ್ತುಕಾತಿಲ್ಲ ಹೆಣೇ." ಆಮೇಲೆ, "ಸೀರಿ ಒದ್ದಿ ಆಯ್ತಾ?" ಎಂದು ಕೇಳಿದಳು.

ಸರಸಳ ದನಿ ಕೇಳಿ ಪದ್ದು ಓಡಿಬಂದಳು. ಕಾರು, ಬಿದ್ದ ಬೆಳ್ಳಿ, ನೆಲದಲ್ಲಿ ಕೂತ ಸರಸ, ಎಲ್ಲವನ್ನೂ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ರಸ್ತೆಯ ಬದಿಯ ಗೋಪಿಯ ಓಮ್ನಿ ಕರೆಸಿ, ಹಲಗೆಯ ಮೇಲೆ ಮಲಗಿಸಿ ಕುಂದಾಪುರದ ಆಸ್ಪತ್ರೆಗೆ ಕೊಂಡೊಯ್ದರು.

ಡಾಕ್ಟರು ಕಾಗದ ಹಿಡಿದು, "ಹೇಗಾಯಿತು?" ಎಂದು ಕೇಳಿದರು. ಸರಸ ಬಾಯಿ ತೆರೆದಳು. ಅವಳಿಗಿಂತ ಮೊದಲೇ ಮಂಚದ ಮೇಲಿಂದ ಬೆಳ್ಳಿಯ ದನಿ ಬಂತು.

"ಅಂಗಳ್ದಗೆ ಜಾರಿ ಬಿದ್ದೆ. ಮಳಿ ಬಂತಲ್ಲ, ಬಟ್ಟಿ ತೆಗುಕ್ ಹೋಯಿದ್ದೆ. ಕಣ್ಣ್ ಕಾಂತಿಲ್ಲ ನಂಗೆ."

ಡಾಕ್ಟರು ಹಾಗೆಯೇ ಬರೆದುಕೊಂಡರು.

ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಆಪರೇಷನ್ನು ತಡೆದುಕೊಳ್ಳುವಷ್ಟು ಹೃದಯಕ್ಕೆ ಬಲವಿಲ್ಲ ಎಂದರು. ಕಾಲಿಗೆ ತೂಕ ಕಟ್ಟಿ ಮಲಗಿಸಿದರು. ಮರುದಿನ ಮಧ್ಯಾಹ್ನ ಕೋಣೆಯಲ್ಲಿ ಯಾರೂ ಇಲ್ಲದಾಗ ಸರಸ, "ಎಂತಕೆ ಹಾಂಗ್ ಹೇಳ್ದೆ?" ಎಂದು ಕೇಳಿದಳು.

"ಮತ್ತೆಂತ ಹೇಳುದ್? ಪೊಲೀಸ್, ಕೇಸ್. ನೀ ದಿನಾ ಕೋರ್ಟಿನೆದ್ರ್ ಕೂಕಂಬಳ್, ನಿಂಗ್ ಗೊತ್ತಿಲ್ದಾ? ನಿನ್ ಲೈಸನ್ಸ್ ಕಿತ್ಕಂಡ್ರೆ?" ಬೆಳ್ಳಿ ಉಸಿರು ತೆಗೆದುಕೊಂಡಳು. "ಪದ್ದುಗೂ ಹೇಳಿದೆ. ರಾಘುಗೆ ಹೇಳ್ಬ್ಯಾಡ. ಅವ ದೂರದಗೆ ಇಪ್ಪವ, ಅವ್ನಿಗ್ ಯಾಕೆ?"

ಸರಸ ಹೊದಿಕೆ ಸರಿಮಾಡಿದಳು. ಬೆಳ್ಳಿ ಕೈ ಚಾಚಿ ಅವಳ ಎಡಗಾಲಿನ ಮೊಣಕಾಲನ್ನು ಹುಡುಕಿ ಮುಟ್ಟಿದಳು. ಆರು ವರ್ಷದವಳಿದ್ದಾಗಿನಿಂದ ಎಣ್ಣೆ ಹಚ್ಚಿ ತಿಕ್ಕಿದ ಕಾಲದು. "ಬಿದ್ದ್ ಪೆಟ್ಟಾಯ್ತಾ ನಿಂಗೆ?" ಎಂದು ಕೇಳಿದಳು. ಸರಸ ಎದ್ದು ಹೊರಗೆ ಹೋಗಿ ವೆರಾಂಡದ ಕಂಬ ಹಿಡಿದು ನಿಂತಳು.

ರಾಘವೇಂದ್ರ ಮೂರನೆಯ ದಿನ ಬಂದ. ಎರಡು ವರ್ಷವಾಗಿತ್ತು ಅವನು ಊರಿಗೆ ಬರದೆ. ದೊಡ್ಡಮ್ಮನ ಬಾಯಿಗೆ ಗಂಜಿ ಹಾಕಿದ, ಬೆನ್ನು ಒರೆಸಿದ, ನೆಲದಲ್ಲಿ ಮಲಗಿದ. ಬಂದವರಿಗೆಲ್ಲ, "ಅಂಗಳ್ದಗೆ ಜಾರಿ ಬಿದ್ದದ್" ಎಂದು ಅವನೇ ಹೇಳುತ್ತಿದ್ದ. ಪ್ರತಿ ಸಲ ಅವನು ಹಾಗೆ ಹೇಳುವಾಗ ಸರಸ ತಲೆ ತಗ್ಗಿಸುತ್ತಿದ್ದಳು. ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿ, ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಬೆಳ್ಳಿ ತೀರಿಕೊಂಡಳು. ಕೊನೆಯ ಎರಡು ದಿನ ಅವಳಿಗೆ ಮಾತಿರಲಿಲ್ಲ.

ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ನೆಂಟರೆಲ್ಲ ಹೋದ ಮಧ್ಯಾಹ್ನ ಅಕ್ಕ ತಮ್ಮ ಜಗಲಿಯಲ್ಲಿ ಕೂತಿದ್ದರು. ಅಂಗಳದ ಮೂಲೆಯಲ್ಲಿ ಕಾರಿಗೆ ಟರ್ಪಾಲು ಹೊದೆಸಿತ್ತು. ರಾಘವೇಂದ್ರ ಅದನ್ನು ನೋಡುತ್ತ, "ಆ ಕಾರ್ ಅಂದ್ರೆ ದೊಡ್ಡಮ್ಮಂಗೆ ಪ್ರಾಣ. ಫೋನ್ ಮಾಡಿರೆ ಅದ್ರದ್ದೇ ಸುದ್ದಿ. ಅವ್ಳ್ ಹೆಸ್ರಿಗಾದ್ರೂ ಅದನ್ನ್ ಇಟ್ಕಣ್ ಅಕ್ಕ," ಎಂದ.

ಸರಸಳಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಎಲ್ಲವನ್ನೂ ಹೇಳಿದಳು. ಮಗು, ಹಾರ್ನು, ಮಳೆ, ನೀಲಿ ಸೀರೆ. ಅವಳು ಅಳಲಿಲ್ಲ, ಅರ್ಜಿ ಓದಿದಂತೆ ಒಂದೊಂದಾಗಿ ಹೇಳಿದಳು.

ರಾಘವೇಂದ್ರ ಟರ್ಪಾಲಿನಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದ.

"ಹೇಳ್ಬ್ಯಾಡ ಅಂದಿದ್ಲಾ ಅವ್ಳ್?"

"ಹ್ಞಾ."

"ಹಂಗಾರೆ ಎಂತಕೆ ಹೇಳ್ದೆ ನಂಗೆ?"

ಅವನು ಎದ್ದು ಕಡಲ ಕಡೆಗೆ ನಡೆದುಹೋದ. ಎರಡು ದಿನ ಬಿಟ್ಟು ಹೊರಡಬೇಕಾದವನು ಮರುದಿನವೇ ಹೊರಟ. ಹೋಗುವಾಗ "ಬತ್ತೆ" ಎಂದನೇ ಹೊರತು ಮುಖ ನೋಡಲಿಲ್ಲ. ಆಮೇಲೆ ಅವನ ಫೋನು ಬರಲಿಲ್ಲ. ಇವಳು ಮಾಡಿದರೆ ಅವನ ಹೆಂಡತಿ ಎತ್ತಿ, ಅವರು ಡ್ಯೂಟಿಯಲ್ಲಿದ್ದಾರೆ ಎನ್ನುತ್ತಿದ್ದಳು. ನಾಲ್ಕೈದು ಸಲ ಮಾಡಿ ಸರಸಳೂ ಬಿಟ್ಟಳು.

ಕಾರನ್ನು ಅವಳು ಮುಟ್ಟಲಿಲ್ಲ. ಮತ್ತೆ ಬಸ್ಸು ಹತ್ತತೊಡಗಿದಳು. ಆದರೆ ಚಾರ್ಜ್ ಮಾಡದೆ ಬಿಟ್ಟರೆ ಬ್ಯಾಟರಿ ಸತ್ತೇ ಹೋಗುತ್ತದೆಂದು ಶೀನ ಎಚ್ಚರಿಸಿದ್ದರಿಂದ, ಪ್ರತಿ ಭಾನುವಾರ ಟರ್ಪಾಲಿನ ಒಂದು ಮೂಲೆ ಎತ್ತಿ ವಯರ್ ಚುಚ್ಚುತ್ತಿದ್ದಳು. ಮಾರಿಬಿಡಲು ಮನಸ್ಸಿಲ್ಲ, ಓಡಿಸಲು ಧೈರ್ಯವಿಲ್ಲ. ಬ್ಯಾಟರಿಗೆ ನೀರು ಹಾಕಿ, ಟರ್ಪಾಲು ಮುಚ್ಚಿ ಒಳಗೆ ಬರುತ್ತಿದ್ದಳು.

ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾಗಿತ್ತು. ಬಸ್ಸು ಎಲ್ಲೋ ನಿಲ್ಲುತ್ತಿತ್ತು, ಅಲ್ಲಿಂದ ಅಗೆದ ಮಣ್ಣು, ಜಲ್ಲಿ ದಾಟಿ ನಡೆಯಬೇಕು. ಜೂನಿನ ಮಳೆಗೆ ಆ ಮಣ್ಣು ಕೆಸರಾಯಿತು. ಒಂದು ಬೆಳಿಗ್ಗೆ ಸರಸ ಅದರಲ್ಲಿ ಜಾರಿ ಬಿದ್ದು, ಒದ್ದೆ ಸೀರೆಯಲ್ಲಿ ಮನೆಗೆ ಮರಳಿ ಜಗಲಿಯಲ್ಲಿ ಕೂತಿದ್ದಳು. ಅದನ್ನು ಕಂಡು ಪದ್ದು ಬಂದಳು. ದೊಡ್ಡಮ್ಮ ಬಿದ್ದ ಆ ಸಂಜೆಯ ನಂತರ ಅವರಿಬ್ಬರೂ ಸರಿಯಾಗಿ ಮಾತಾಡಿರಲಿಲ್ಲ.

"ನಾ ಹೇಳಿದ್ದಕ್ಕೇ ಆದ್ದಲ್ದಾ ಅದೆಲ್ಲ," ಎಂದಳು ಪದ್ದು. "ಶಿಶು ಮುಖ ಕಂಡ್ರೂ ನಂಗೆ ಅದೇ ನೆನ್ಪ್ ಬತ್ತ್. ಚಂದನಾಗೂ ಹೇಳ್ಲಿಲ್ಲ ನಾನ್."

"ನಿಂದೆಂತ ತಪ್ಪಿತ್ ಪದ್ದು?"

"ನಿಂದೆಂತ ಇತ್ತ್ ಹಂಗಾರೆ?"

ಕೊನೆಗೆ ಪದ್ದು, "ನಾಳೆ ಕಾರ್ ತೆಗಿ. ರಸ್ತಿವರಿಗೆ ನಾ ಮುಂದ್ ನಡಿತೆ," ಎಂದಳು.

ಮರುದಿನ ಬೆಳಿಗ್ಗೆ ಪದ್ದು ಕೊಡೆ ಹಿಡಿದು ಕಾರಿನ ಮುಂದೆ ನಡೆದಳು. ಸರಸ ಪದ್ದುವಿನ ಬೆನ್ನನ್ನೇ ನೋಡುತ್ತ, ಅವಳ ನಡಿಗೆಗಿಂತ ಮೆಲ್ಲಗೆ ಓಣಿ ದಾಟಿದಳು. ಸಂಜೆ ಬರುವಾಗಲೂ ಪದ್ದು ಓಣಿಯ ಬಾಯಲ್ಲಿ ನಿಂತಿದ್ದಳು. ಒಂದು ತಿಂಗಳ ಮಟ್ಟಿಗೆ ದಿನವೂ ಹೀಗೆಯೇ ಆಯಿತು. ಆಮೇಲೆ ಸರಸ ಒಬ್ಬಳೇ ಹೋಗಿ ಬರುವುದು ರೂಢಿಯಾಯಿತು. ಹಿಂದಿನ ಖುಷಿ ಬರಲಿಲ್ಲ. ಪಕ್ಕದ ಸೀಟಿನಲ್ಲಿ ಫೈಲುಗಳನ್ನು ಇಡುತ್ತಿದ್ದಳು.

ಬೆಳ್ಳಿಯ ವರ್ಷಾಂತದ ತಿಥಿಗೆ ರಾಘವೇಂದ್ರ ಬಂದ. ಕಾಗೆಗೆ ಎಡೆ ಇಟ್ಟ, ಬಂದ ಹತ್ತಿಪ್ಪತ್ತು ಜನರಿಗೆ ಬಡಿಸಿದ. ಅಕ್ಕನ ಜತೆ ಕೆಲಸದ ಮಾತಷ್ಟೇ ಆಡಿದ. ಮೂರನೆಯ ದಿನ ಸಂಜೆಯ ರೈಲಿಗೆ ಹೊರಡುವವನಿದ್ದ. ಗೋಪಿಗೆ ಫೋನ್ ಮಾಡಿದರೆ ಓಮ್ನಿ ಬೈಂದೂರಿಗೆ ಬಾಡಿಗೆಗೆ ಹೋಗಿದೆ ಎಂದು ತಿಳಿಯಿತು.

"ನಾ ಬಿಡ್ತೆ," ಎಂದಳು ಸರಸ, ಬೇರೆಡೆ ನೋಡುತ್ತ.

ಅವನು ಅನುಮಾನಿಸಿದ. ಆಮೇಲೆ ಫೈಲುಗಳನ್ನು ತೆಗೆದು ಹಿಂದಿಟ್ಟು, ಮೊಣಕಾಲು ಮಡಚಿಕೊಂಡು ಪಕ್ಕದಲ್ಲಿ ಕೂತ. ಪೇಟೆ ದಾಟಿ ಸ್ಟೇಷನ್ನಿನ ರಸ್ತೆಗೆ ತಿರುಗಿದರು. ಕಾರಿನೊಳಗೆ ಎಷ್ಟು ಮೌನವಿತ್ತೆಂದರೆ ಅವನು ಗಂಟಲು ಸರಿಮಾಡಿಕೊಂಡದ್ದೂ ಕೇಳಿಸಿತು.

"ನಾ ಸಿಟ್ಟ್ ಮಾಡಿದ್ದ್ ನಿನ್ಮೇಲಲ್ಲ ಅಕ್ಕ."

ಸರಸ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಮುಂಚೆ ವರ್ಷಕ್ಕೊಂದ್ ಸಲ ಆದ್ರೂ ಬತ್ತಿದ್ದೆ. ಕಾರಿಗ್ ದುಡ್ಡ್ ಕೊಟ್ಟ್ ಮೇಲೆ, ಇನ್ನ್ ನಿಮ್ಮಿಬ್ರಿಗ್ ಯಾರೂ ಬೇಕಂತಿಲ್ಲ, ನಾ ಬರ್ದಿರೂ ಅಡ್ಡಿಲ್ಲ ಅಂದ್ಕಂಡೆ. ಆಮೇಲೆ ಬರ್ಲೇ ಇಲ್ಲ. ಕಡಿಗ್ ಬಂದದ್ದ್ ಆಸ್ಪತ್ರಿಗೆ." ಅವನು ಕಿಟಕಿಯ ಆಚೆ ನೋಡಿದ. "ನೀ ಹೇಳ್ದಾಗ ಎಂತ ಅನ್ಸ್ತ್ ಗೊತ್ತಿತ್ತಾ? ನೀನಾದ್ರೂ ಅವ್ಳೊಟ್ಟಿಗಿದ್ದೆ. ನಾ ಎಂತ ಮಾಡಿದೆ? ಅದನ್ನ್ ಹೇಳುಕ್ ಒಂದ್ ವರ್ಷ ಬೇಕಾಯ್ತ್."

ಸರಸ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಅತ್ತಳು. ಒಂದು ವರ್ಷದಲ್ಲಿ ಯಾರೆದುರೂ ಹಾಗೆ ಅತ್ತಿರಲಿಲ್ಲ. ರಾಘವೇಂದ್ರ ಅವಳ ಬೆನ್ನ ಮೇಲೆ ಕೈಯಿಟ್ಟ. ಎರಡು ಲಾರಿ, ಒಂದು ಬಸ್ಸು ದಾಟಿಹೋದವು.

"ರೈಲಿಗ್ ಹೊತ್ತಾತ್ತ್," ಎಂದಳು ಕೊನೆಗೆ, ಮುಖ ಒರೆಸಿಕೊಂಡು.

ಸ್ಟೇಷನ್ನಿನಲ್ಲಿ ಅವನು ಚೀಲ ಇಳಿಸಿಕೊಂಡು ಕಿಟಕಿಗೆ ಬಗ್ಗಿದ. "ಮನಿಗ್ ಮುಟ್ಟಿ ಫೋನ್ ಮಾಡ್."

ಅವಳು ಮನೆಗೆ ಬಂದು, ದೀಪ ಹಚ್ಚಿ, ಅವನಿಗೆ ಫೋನ್ ಮಾಡಿದಳು. ಮೊದಲ ರಿಂಗಿಗೇ ಅವನೇ ಎತ್ತಿದ.

"ಮುಟ್ದೆ," ಎಂದಳು.

"ಹ್ಞಾ. ಎಂತ ಮಾಡ್ತಾ ಇದ್ದೆ?"

"ಎಂತ ಇಲ್ಲ. ಸುಮ್ನೆ ಕೂಕಂಡಿದ್ದೆ."

ಅವನು ಇನ್ನೇನೋ ಹೇಳುತ್ತಿದ್ದ. ರೈಲು ಭಟ್ಕಳದ ಆಚೆ ಸುರಂಗಕ್ಕೆ ಹೊಕ್ಕಿತೋ ಏನೋ, ಮಾತು ಕಡಿಯಿತು. ಮತ್ತೆ ಮಾಡುತ್ತಾನೆಂದು ಸರಸ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಕೂತಳು.